ಗಾಜು ಆಗದ ಮನೆ

ನಮ್ಮ ಮನೆಯ ಹೆಂಗಸರು ಗಾಜಿನ ಬಳೆ ತೊಡುವುದಿಲ್ಲ. ಜಯನಗರದ ನಮ್ಮ ರಸ್ತೆಯಲ್ಲಿ, ನೆಂಟರಲ್ಲಿ, ನಾನು ಪಾಠ ಹೇಳುತ್ತಿದ್ದ ಶಾಲೆಯ ಸ್ಟಾಫ್ ರೂಮಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೌರಿ ಹಬ್ಬಕ್ಕೆ, ನವರಾತ್ರಿಯ ಗೊಂಬೆಗೆ ಅರಿಶಿನ ಕುಂಕುಮಕ್ಕೆ ಕರೆದವರು ತಾಂಬೂಲದ ತಟ್ಟೆಯಲ್ಲಿ ಬಳೆ ಇಡಲು ಹೋಗಿ, ನನ್ನ ಮುಖ ನೋಡಿ, ನಿಮ್ಮಲ್ಲಿ ಆಗಲ್ಲ ಅಲ್ವಾ ಎಂದು ತೆಗೆದು ಪಕ್ಕಕ್ಕಿಡುತ್ತಿದ್ದರು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ಬೇರೆಯವರ ಮನೆಗಿಲ್ಲದ ಒಂದು ಪದ್ಧತಿ ನಮಗಿದೆ ಎನ್ನುವ ಠೀವಿಯೂ ಆ ತಲೆಯಾಡಿಸುವುದರಲ್ಲಿ ಸ್ವಲ್ಪ ಇರುತ್ತಿತ್ತು.

ಯಾಕೆ ಎಂದು ಕೇಳಿದವರಿಗೆ ಹೇಳಲು ಒಂದು ಕಥೆ ಇತ್ತು. ನಮ್ಮ ಅತ್ತೆಯ ಅತ್ತೆಯ ಕಾಲದಲ್ಲೋ ಅದಕ್ಕೂ ಹಿಂದೆಯೋ ಊರಿಗೆ ಪ್ಲೇಗ್ ಬಂತಂತೆ. ಮನೆಯ ಹಿರಿಸೊಸೆ, ಗಂಡ ಮಕ್ಕಳನ್ನು ಉಳಿಸಿಕೊಡು ತಾಯಿ ಎಂದು ಮನೆದೇವರ ಮುಂದೆ ಕೈತುಂಬ ಇದ್ದ ಬಳೆಗಳನ್ನು ಕಳಚಿ ಇಟ್ಟಳಂತೆ. ಇನ್ನು ಮುಂದೆ ಈ ಮನೆಯ ಹೆಂಗಸರ ಗಾಜಿನ ಬಳೆಯೆಲ್ಲ ನಿನ್ನದೇ ಎಂದು ಹರಸಿಕೊಂಡಳಂತೆ. ಬೆಳಗಾಗುವಷ್ಟರಲ್ಲಿ ಜ್ವರ ಇಳಿಯಿತಂತೆ. ಅತ್ತೆ ನನಗೆ ಹೇಳಿದ ಕಥೆಯಲ್ಲಿ ಇದ್ದದ್ದು ಇಷ್ಟೇ. ಮರುದಿನ ಗರ್ಭಗುಡಿಯಲ್ಲಿ ದೇವಿಯ ಕೈಯ ಮೇಲೆ ಹಸಿರು ಬಳೆ ಕಂಡವು ಎನ್ನುವುದನ್ನು ಸೇರಿಸಿದವಳು ನಾನು. ಹೈಸ್ಕೂಲಿನ ವಿಜ್ಞಾನದ ಟೀಚರ್ ಆದ್ದರಿಂದ ಸುಳ್ಳಿಗೂ ಒಂದು ಪುರಾವೆ ಬೇಕೆನಿಸಿರಬೇಕು. ಇದನ್ನು ಕೇಳಿ ಒಬ್ಬಿಬ್ಬರು ಕಣ್ಣೊರೆಸಿಕೊಂಡದ್ದೂ ಉಂಟು.

ಪ್ಲೇಗಿನ ಕಥೆ ಪೂರ್ತಿ ಸುಳ್ಳು. ಅದು ಯಾಕೆ ಹುಟ್ಟಿತು ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ. ನಾಚಿಕೆಪಡಬೇಕಾದವಳು ನಾನಲ್ಲ ಎಂದು ಟಿ.ವಿ.ಯಲ್ಲಿ ಹೇಳುತ್ತಾರೆ, ಆಸ್ಪತ್ರೆಯ ಗೋಡೆಯ ಮೇಲೂ ಬರೆದಿರುತ್ತಾರೆ. ನಾನೂ ಒಪ್ಪುತ್ತೇನೆ. ಆದರೂ ಆಗುತ್ತದೆ. ಅದಕ್ಕೇ ಸ್ವಲ್ಪ ಸುತ್ತಿ ಬಳಸಿ ಬರುತ್ತಿದ್ದೇನೆ.

ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ನನ್ನನ್ನು ದೇವರ ಕೋಣೆಗೆ ಕರೆದು, ಮದುವೆಯ ಹಸಿರು ಬಳೆಗಳನ್ನು ಸೋಪು ಹಚ್ಚಿ ಒಂದೊಂದಾಗಿ ತೆಗೆದರು. ತಮ್ಮ ಕೈಯಲ್ಲಿದ್ದ ಚಿನ್ನದ ಬಳೆಗಳಲ್ಲಿ ಅರ್ಧ ನನ್ನ ಕೈಗೆ ಏರಿಸಿದರು. ಆಮೇಲೆ ಪ್ಲೇಗಿನ ಕಥೆ ಹೇಳಿದರು. ನನಗೆ ಹರಕೆ ಗಿರಕೆಯಲ್ಲಿ ನಂಬಿಕೆ ಇರಲಿಲ್ಲ, ಆದರೆ ಚಿನ್ನ ಯಾರಿಗೆ ಬೇಡ. ನಮ್ಮಮ್ಮನಂತೂ ಬಸವನಗುಡಿಯಲ್ಲಿ ಕಂಡಕಂಡವರಿಗೆಲ್ಲ, ನನ್ನ ಮಗಳ ಅತ್ತೆ ಕೈಯಿಂದ ಬಿಚ್ಚಿ ಕೊಟ್ಟರು ಎಂದು ಹೇಳಿಕೊಂಡು ತಿರುಗಿದಳು.

ಮೊದಲ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬಂತು. ಅದರಲ್ಲಿ ಹಸಿರು ಬಳೆ ಇದ್ದವು. ನಮ್ಮ ಕಡೆಯ ಪದ್ಧತಿ ಅಮ್ಮನಿಗೆ ಗೊತ್ತಿದ್ದರೂ ಬಾಗಿನಕ್ಕೆ ಬಳೆ ಇಡದಿರಲು ಅವಳಿಗೆ ಮನಸ್ಸಾಗಿರಲಿಲ್ಲ. ತವರಿನ ಬಳೆ, ಒಂದು ದಿನ ತೊಟ್ಟರೆ ದೇವಿ ಏನು ಮಾಡಿಯಾಳು ಎಂದು ತೊಟ್ಟುಕೊಂಡೆ. ಸಂಜೆ ಇವರ ಆಫೀಸಿನ ಸ್ನೇಹಿತರು ಸಂಸಾರ ಸಮೇತ ಬಂದಿದ್ದರು. ಕುಕ್ಕರಿನಲ್ಲಿ ಬೇಳೆ ಯಾಕೆ ಬೇಗ ಬೇಯುತ್ತದೆ ಎಂದು ಇವರು ಅವರಿಗೆ ವಿವರಿಸುತ್ತಿದ್ದರು, ತಪ್ಪಾಗಿ. ನಾನು ಕಡುಬಿನ ತಟ್ಟೆ ಇಡುತ್ತಾ, ಹಾಗಲ್ಲ, ಒತ್ತಡ ಹೆಚ್ಚಾದರೆ ನೀರು ಕುದಿಯುವ ಉಷ್ಣತೆಯೂ ಹೆಚ್ಚುತ್ತದೆ, ಅದಕ್ಕೆ ಎಂದೆ. ಒಬ್ಬರು, ನಿಮ್ಮ ಮನೇಲಿ ಇನ್ನು ಮೇಲೆ ನಿಮ್ಮ ಆಟ ನಡೆಯಲ್ಲ ಬಿಡಿ ಸಾರ್ ಎಂದರು. ಎಲ್ಲರೂ ನಕ್ಕರು. ಇವರೂ ನಕ್ಕರು.

ಬಂದವರು ಹೋದ ಮೇಲೆ ಇವರು ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು ತಿರುಚಿ ಕಲ್ಲಿನ ಕಟ್ಟೆಗೆ ಬಡಿದರು. ಒಂದು ಸಲವಲ್ಲ. ಬಳೆ ಒಡೆದು ಚೂರುಗಳು ಮಣಿಕಟ್ಟಿಗೆ ಚುಚ್ಚಿಕೊಂಡವು. ಬಡಿದರು ಎಂದು ಇಲ್ಲಿಯೂ ಬಹುವಚನದಲ್ಲೇ ಬರೆಯುತ್ತಿದ್ದೇನೆ ನೋಡಿ. ಏಕವಚನ ಬರುವುದೇ ಇಲ್ಲ, ಕೈ ಹಾಗೆ ಪಳಗಿಬಿಟ್ಟಿದೆ.

ಅತ್ತೆ ಬಂದರು. ಅಯ್ಯೋ ಎನ್ನಲಿಲ್ಲ, ಏನಾಯಿತೆಂದು ಕೇಳಲಿಲ್ಲ. ಪೊರಕೆ ತಂದು ಚೂರು ಗುಡಿಸಿದರು, ಸ್ಟವ್ ಕೆಳಗೆ ಬಗ್ಗಿ ಅಲ್ಲಿದ್ದದ್ದನ್ನೂ ಆರಿಸಿದರು. ನನ್ನ ಕೈ ನಲ್ಲಿಯ ಕೆಳಗಿಟ್ಟು ಗಾಜು ತೆಗೆದು ಅರಿಶಿನ ಮೆತ್ತಿ ಹಳೆಯ ಪಂಚೆಯ ಅಂಚು ಹರಿದು ಕಟ್ಟಿದರು. ಮೇಲಿನ ಮನೆಯ ಬಾಡಿಗೆಯವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದರು:

"ಅದಕ್ಕೇ ಹೇಳಿದ್ದು ಈ ಮನೆಗೆ ಗಾಜು ಆಗಲ್ಲಾಂತ. ಚುಚ್ಚುತ್ತೆ, ಸದ್ದು ಬೇರೆ. ಚಿನ್ನವಾದ್ರೆ ನೆಗ್ಗುತ್ತೆ ಅಷ್ಟೇ."

ಆಗಲೇ ನಾನು ಅವರ ಕೈ ಸರಿಯಾಗಿ ನೋಡಿದ್ದು. ಚಿನ್ನದ ಬಳೆ ಮೇಲಕ್ಕೆ ಸರಿದಿತ್ತು. ಮಣಿಕಟ್ಟಿನ ಸುತ್ತ ಅಕ್ಕಿನುಚ್ಚಿನಷ್ಟು ಸಣ್ಣ ಬಿಳಿ ಗುರುತುಗಳು, ಹಳೆಯವು. ಹಾಲಿನಲ್ಲಿ ಗಂಧದ ಹಾರ ಹಾಕಿದ್ದ ಮಾವನವರ ಫೋಟೋಕ್ಕೆ ಅತ್ತೆ ದಿನವೂ ಬೆಳಿಗ್ಗೆ ಹೂವಿಡುತ್ತಿದ್ದರು. ಮರುದಿನವೂ ಇಟ್ಟರು. ಪ್ಲೇಗಿಗೆ ಹೆದರಿ ಬಳೆ ಬಿಚ್ಚಿಟ್ಟ ಆ ಹಿರಿಸೊಸೆ ಯಾರೆಂದು ನನಗೆ ತಿಳಿಯಿತು. ನಾನು ಅತ್ತೆಯನ್ನು ಏನೂ ಕೇಳಲಿಲ್ಲ. ಅವರು ಸಾಯುವವರೆಗೂ ನಾವಿಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅವರು ಹೇಳಿದ್ದು ನಿಜ. ಚಿನ್ನ ನೆಗ್ಗುತ್ತದೆ ಅಷ್ಟೇ. ಗಾಂಧಿಬಜಾರಿನ ಹಿಂದಿನ ರಸ್ತೆಯಲ್ಲಿ ಒಬ್ಬರು ಅಕ್ಕಸಾಲಿಗರಿದ್ದರು, ಅವರ ಹತ್ತಿರ ಕೊಟ್ಟರೆ ದುಂಡಗೆ ಮಾಡಿಕೊಡುತ್ತಿದ್ದರು. ಬಾಗಿಲಿಗೆ ಸಿಕ್ಕಿತು ಎನ್ನುತ್ತಿದ್ದೆ. ನಿಮ್ಮ ಮನೆಗೆ ಅದೆಷ್ಟು ಬಾಗಿಲಮ್ಮ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಅಂಗಡಿ ಬದಲಾಯಿಸುತ್ತಿದ್ದೆ, ಅಷ್ಟೇ.

ಬಿಟ್ಟು ಹೋಗಬಹುದಿತ್ತಲ್ಲ, ಕೈಯಲ್ಲಿ ಕೆಲಸವಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ನಾನೂ ಕೇಳಿಕೊಂಡಿದ್ದೇನೆ. ನನ್ನನ್ನು ಕಟ್ಟಿಹಾಕಿದ್ದು ಭಯವಲ್ಲ. ಕ್ಲಾಸಿನಲ್ಲಿ ನಾನು ಗಟ್ಟಿ ಹೆಂಗಸು ಎಂದು ಹೆಸರಾಗಿದ್ದೆ, ಕೊನೆಯ ಬೆಂಚಿನ ಹುಡುಗರು ನನ್ನ ಚಪ್ಪಲಿಯ ಸದ್ದಿಗೇ ನೆಟ್ಟಗೆ ಕೂರುತ್ತಿದ್ದರು. ಅಂಥವಳು ಮನೆಯಲ್ಲಿ ಹೊಡೆಸಿಕೊಳ್ಳುತ್ತಾಳೆ ಎಂದು ಯಾರಿಗಾದರೂ ಗೊತ್ತಾದರೆ ಹೇಗೆ ತಲೆಯೆತ್ತಲಿ ಎನ್ನುವುದೇ ನನ್ನ ಚಿಂತೆಯಾಗಿತ್ತು. ಇವರು ನೆಮ್ಮದಿಯಾಗಿ ತಲೆಯೆತ್ತಿಕೊಂಡು ಓಡಾಡುತ್ತಿದ್ದರು. ರಸ್ತೆಯ ಗಣೇಶೋತ್ಸವದ ಸಮಿತಿಗೆ ಇವರೇ ಅಧ್ಯಕ್ಷರು.

ಒಂದು ವಿದ್ಯೆ ಮಾತ್ರ ಬೇಡವೆಂದರೂ ಬಂತು. ಅರಿಶಿನ ಕುಂಕುಮಕ್ಕೆ ಹೋದಲ್ಲಿ ಎಲ್ಲರೂ ಸೀರೆ ನೋಡಿದರೆ ನಾನು ಕೈ ನೋಡುತ್ತಿದ್ದೆ. ಏಪ್ರಿಲ್ ಬಿಸಿಲಿನಲ್ಲಿ ಉದ್ದ ತೋಳಿನ ರವಿಕೆ, ಕುಂಕುಮ ಇಡಲು ಕೈ ಚಾಚಿದರೆ ಹಿಂದೆ ಸರಿಯುವ ಕೆನ್ನೆ, ಒಂದೇ ಕೈಯಲ್ಲಿ ತಟ್ಟೆ ಹಿಡಿಯುವವರು. ಎಷ್ಟು ಮನೆ ಎಂದು ನನ್ನನ್ನು ಕೇಳಬೇಡಿ. ಡಾಕ್ಟರ ಮನೆಯೂ ಇತ್ತು, ಊರಿಗೂರೇ ತಮ್ಮದಾಗಿದ್ದ ಹಳೆಯ ಗೌಡರ ಮನೆಯೂ ಇತ್ತು, ಮೂರು ಹೊತ್ತು ಸಂಧ್ಯಾವಂದನೆ ಮಾಡುವವರ ಮನೆಯೂ ಇತ್ತು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯವಳ ಕತ್ತಿನ ಮೇಲೆ ಒಂದು ಸೋಮವಾರ ಬೆರಳಿನ ಗುರುತು ಕಂಡೆ. ನಾನು ಕಂಡದ್ದನ್ನು ಅವಳೂ ಕಂಡಳು. ಅವಳ ಕಣ್ಣು ನನ್ನ ನೆಗ್ಗಿದ ಬಳೆಗೆ ಇಳಿಯಿತು. ಬೆಲ್ ಆಗುವವರೆಗೂ ನಾವಿಬ್ಬರೂ ತೊಂಡೆಕಾಯಿ ಪಲ್ಯಕ್ಕೆ ಕಡಲೆಬೀಜದ ಪುಡಿ ಹಾಕಿದರೆ ಚೆನ್ನವೋ ಕಾಯಿತುರಿ ಚೆನ್ನವೋ ಎಂದು ಮಾತಾಡಿದೆವು.

ಇವರು ಹೊಡೆಯುವುದನ್ನು ನಿಲ್ಲಿಸಿದ್ದು ಬುದ್ಧಿ ಬಂದು ಅಲ್ಲ. ರಿಟೈರಾಗುವ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು, ಅದರ ಹಿಂದೆಯೇ ಬಲಭುಜ ಹಿಡಿದುಕೊಂಡಿತು. ಕೈ ಎದೆಯಿಂದ ಮೇಲೆ ಏಳದು. ಬನಶಂಕರಿಯ ಒಂದು ಫಿಜಿಯೋಥೆರಪಿ ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಮನೆಯಲ್ಲಿ ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ ನಾನೇ ಮಾಡಿಸಿದೆ. ಬೆರಳು ದಿನದಿನಕ್ಕೂ ಎಷ್ಟು ಮೇಲೆ ಹೋಗುತ್ತದೆ ಎಂದು ನೋಡುತ್ತಾ ನಿಲ್ಲುತ್ತಿದ್ದೆ. ನನ್ನ ಕೆನ್ನೆಯ ಎತ್ತರಕ್ಕೆ ಬಂದ ದಿನ, ಇವತ್ತಿಗೆ ಸಾಕು ಎಂದು ನಿಲ್ಲಿಸಿಬಿಟ್ಟೆ. ಕ್ಲಿನಿಕ್ಕಿನ ಹುಡುಗಿ, ನಿಮ್ಮಂಥ ವೈಫ್ ಸಿಗೋಕೆ ಪುಣ್ಯ ಮಾಡಿರ್ಬೇಕು ಸಾರ್ ಎಂದಳು. ಇವರು ಹೌದೆಂದು ನಕ್ಕರು.

ನಮಗೆ ಒಬ್ಬನೇ ಮಗ. ಈಗ ಬಿಟಿಎಂ ಲೇಔಟಿನಲ್ಲಿ ಬೇರೆ ಫ್ಲಾಟ್ ಮಾಡಿಕೊಂಡಿದ್ದಾನೆ, ಅಲ್ಲಿಂದ ಆಫೀಸು ಹತ್ತಿರವಂತೆ. ಜೆ.ಪಿ. ನಗರದ ಒಬ್ಬ ಹುಡುಗಿಯನ್ನು ತಾನೇ ಇಷ್ಟಪಟ್ಟು ಮನೆಗೆ ಕರೆತಂದ. ಸಖತ್ ಮಾತುಗಾರ್ತಿ. ಬಂದ ಮೊದಲ ದಿನವೇ ಅಡುಗೆಮನೆಯ ಕಟ್ಟೆ ಹತ್ತಿ ಕೂತು, ನಿಮ್ಮ ಸಾರಿನ ಪುಡಿ ಯಾರು ಮಾಡೋದು ಆಂಟಿ ಎಂದು ಕೇಳಿದಳು. ನನಗೆ ಮಗಳಿಲ್ಲದ್ದು ಅವತ್ತು ಮೊದಲ ಬಾರಿಗೆ ನೋವಾಯಿತು. ಅವಳು ಕೂತದ್ದು ಅದೇ ಕಟ್ಟೆ ಎಂದು ಆ ಕ್ಷಣಕ್ಕೆ ಹೊಳೆಯಲೂ ಇಲ್ಲ.

ಮದುವೆ ಗೊತ್ತಾಯಿತು. ಎರಡೂ ಮನೆಯ ಪದ್ಧತಿಗಳನ್ನು ಹೊಂದಿಸುವ ಫೋನುಗಳು ಶುರುವಾದವು. ಧಾರೆಗೆ ಯಾವ ಸೀರೆ, ನಾಂದಿ ಯಾವಾಗ, ಇದೆಲ್ಲ ಆದ ಮೇಲೆ ಅವಳ ತಾಯಿ ಸ್ವಲ್ಪ ಸಂಕೋಚದಿಂದ, ನಿಮ್ಮ ಕಡೆ ಗಾಜು ಆಗಲ್ವಂತೆ, ಹಾಗಾದ್ರೆ ಬಳೆ ಶಾಸ್ತ್ರ ಹೇಗೆ ಮಾಡೋಣ ಎಂದು ಕೇಳಿದರು. ಮದುಮಗಳಿಗೆ ಹಸಿರು ಗಾಜಿನ ಬಳೆ ತೊಡಿಸುವುದು ಅವರಿಗೆ ದೊಡ್ಡ ಶಾಸ್ತ್ರ. ಹಾಗೇನಿಲ್ಲ, ತೊಡಿಸಿ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಂದ ಅತ್ತೆಯ ಮಾತು ತಾನಾಗಿ ಬಂತು: ನಮ್ಮಲ್ಲಿ ಆಗಲ್ಲ, ಬೇಕಾದ್ರೆ ಚಿನ್ನದ್ದು ನಾವು ಹಾಕ್ತೀವಿ. ಫೋನ್ ಇಟ್ಟ ಮೇಲೆ ಆ ಮಗುವಿನ ಕೈಗೂ ನೆಗ್ಗುವ ಬಳೆಯನ್ನೇ ಗೊತ್ತುಮಾಡಿದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅದಾದ ಮೇಲೆ ಒಂದು ದಿನ ನಾನೂ ಹುಡುಗಿಯೂ ಫೋರ್ತ್ ಬ್ಲಾಕಿಗೆ ರವಿಕೆ ಕಣ ತರಲು ಹೋಗಿದ್ದೆವು. ದಾರಿಯಲ್ಲಿ ಬಳೆ ಅಂಗಡಿ. ಅವಳು ಹಸಿರಿನ ಮೇಲೆ ಚಿನ್ನದ ಚುಕ್ಕಿಯಿದ್ದ ಒಂದು ಡಜನ್ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ, ಹಾಗೇ ಜೋಪಾನವಾಗಿ ಇಟ್ಟಳು. ಪರವಾಗಿಲ್ಲ ಆಂಟಿ, ನಂಗೆ ನಿಮ್ಮ ಪ್ಲೇಗ್ ಸ್ಟೋರಿ ಇವಕ್ಕಿಂತ ಇಷ್ಟ ಎಂದಳು. ಮಗ ಅವಳಿಗೆ ಕಥೆ ಹೇಳಿದ್ದ. ಮದುವೆಯ ವಿಡಿಯೊದಲ್ಲಿ ಅದನ್ನು ನಾನೇ ಹೇಳಬೇಕಂತೆ, ರಿಸೆಪ್ಷನ್ ದಿನ ಹಾಲಿನ ದೊಡ್ಡ ಸ್ಕ್ರೀನಿನ ಮೇಲೆ ಹಾಕುತ್ತಾಳಂತೆ. ಒಬ್ಬ ಹೆಣ್ಣುಮಗಳು ಮನೆಯನ್ನು ಕಾಪಾಡಿದ ಕಥೆಯಲ್ಲವೇ ಎಂದಳು. ನಾನು ಆಯಿತು ಎಂದೆ.

ಮಧ್ಯಾಹ್ನ ಇವರು ಮಲಗದೆ ಸೀನಿಯರ್ ಸಿಟಿಜನ್ಸ್ ಸಂಘಕ್ಕೆ ಹೋಗುವ ದಿನ ನೋಡಿ ಅವಳು ಬಂದಳು. ನನಗೆ ರೇಷ್ಮೆ ಸೀರೆ ಉಡಿಸಿ ಹಾಲಿನಲ್ಲಿ ಕೂರಿಸಿದಳು. ಹಿಂದೆ ಮಾವನವರ ಫೋಟೋ ಬರುವ ಹಾಗೆ, ಅದು ಚೆನ್ನಾಗಿ ಕಾಣುತ್ತದಂತೆ. ಎದುರಿಗೆ ಪುಸ್ತಕಗಳನ್ನು ಪೇರಿಸಿ ಅದರ ಮೇಲೆ ಫೋನ್ ನಿಲ್ಲಿಸಿ ಶುರುಮಾಡಿ ಎಂದಳು. ಶುರುಮಾಡಿದೆ. ಊರಿಗೆ ಪ್ಲೇಗ್ ಬಂತು. ಹಿರಿಸೊಸೆ ದೇವರ ಮುಂದೆ ನಿಂತಳು. ಕೈಯಲ್ಲಿದ್ದ ಬಳೆಗಳನ್ನೆಲ್ಲ ಎನ್ನುವಲ್ಲಿಗೆ ಬಂದಾಗ ಫೋನ್ ಸರಿಮಾಡಲು ಅವಳು ಕೈ ಮುಂದೆ ಚಾಚಿದಳು. ಎರಡೂ ಕೈ ಬರಿದಾಗಿದ್ದವು. ಮೊದಲೆಲ್ಲ ಹಬ್ಬ ಹುಣ್ಣಿಮೆಗೆ ಗಾಜಿನ ಬಳೆ ತೊಡುತ್ತಿದ್ದವಳು ಈಗಿನಿಂದಲೇ ಬಿಟ್ಟಿದ್ದಳು, ನಮ್ಮ ಮನೆಗೆ ಗೌರವ ಕೊಟ್ಟು. ಕಥೆ ಅಲ್ಲಿಗೇ ನಿಲ್ಲಿಸಿದೆ.

ಮರೆತು ಹೋಯಿತೆಂದು ಅವಳು ತಿಳಿದಳು. ದೇವಿ ಕೈಯಲ್ಲಿ ಬಳೆ ಕಂಡಿದ್ದು ಹೇಳಿ ಆಂಟಿ ಎಂದು ನೆನಪು ಮಾಡಿಕೊಟ್ಟಳು. ಆ ಫೋನ್ ಮೊದಲು ಆಫ್ ಮಾಡು ಎಂದೆ. ಮಾಡಿದಳು.

"ಪ್ಲೇಗೂ ಇಲ್ಲ ದೇವೀನೂ ಇಲ್ಲ ಕಣಮ್ಮ. ಈ ಮನೇಲಿ ಹೆಂಗಸರಿಗೆ ಹೊಡೀತಾರೆ. ಗಾಜು ಒಡೆದ್ರೆ ಚುಚ್ಚುತ್ತೆ. ಅದಕ್ಕೇ ಆಗಲ್ಲ."

ಉಳಿದದ್ದನ್ನು ನೆಲ ನೋಡಿಕೊಂಡು ಹೇಳಿದೆ. ಗೌರಿ ಹಬ್ಬ, ಕುಕ್ಕರು, ಕಲ್ಲಿನ ಕಟ್ಟೆ, ಅತ್ತೆಯ ಪೊರಕೆ. ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ, ನನಗೆ ಹಾಗೇನೂ ಆಗಲಿಲ್ಲ. ಬೀದಿಯಲ್ಲಿ ಸೀರೆ ಬಿಚ್ಚಿಕೊಂಡು ನಿಂತಂತಾಯಿತು. ಮುಗಿಸಿ ತಲೆಯೆತ್ತಿದವಳು ಮೊದಲು ಆಡಿದ ಮಾತು, ನನ್ನ ಮಗ ಅಂಥವನಲ್ಲಮ್ಮ. ಹಿಂದೆ ನಮ್ಮಮ್ಮನಿಗೆ ಅತ್ತೆಯೂ ಇದೇ ಮಾತು ಹೇಳಿದ್ದರು.

ಅವಳು ಎದ್ದು ಬಂದು ನನ್ನ ಪಕ್ಕ ಕೂತಳು. ಅವನಿಗೆ ಗೊತ್ತಾ ಎಂದು ಕೇಳಿದಳು. ಗೊತ್ತು ಎಂದೆ. ಚಿಕ್ಕವನಿದ್ದಾಗ ಅಡುಗೆಮನೆಯಲ್ಲಿ ಇವರ ದನಿ ಏರಿತೆಂದರೆ ಅವನು ಹಾಲಿನಲ್ಲಿ ಟಿ.ವಿ. ಜೋರು ಮಾಡುತ್ತಿದ್ದ. ಪಾಪ, ಮಗು, ಅಷ್ಟೇ ಅವನಿಂದ ಆಗುತ್ತಿದ್ದುದು. ನಾನು ಕಣ್ಣೊರೆಸಿಕೊಂಡು ಹೊರಗೆ ಬಂದ ಮೇಲೆ ಸಣ್ಣ ಮಾಡುತ್ತಿದ್ದ. ಅದನ್ನು ನಾನು ಪ್ರೀತಿಯಿಂದಲೇ ಹೇಳಿದೆ. ಅವಳ ಮುಖ ಮಾತ್ರ ಬಿಗಿದುಕೊಂಡಿತು.

"ನಾವು ಜಗಳ ಆಡಿದ್ರೆ ಈಗ್ಲೂ ಕಾರಲ್ಲಿ ಸಾಂಗ್ ಜೋರು ಮಾಡ್ತಾನೆ ಆಂಟಿ," ಎಂದಳು. "ನಾನು ಅಳ್ತಾ ಇದ್ರೂ ಮಾಡ್ತಾನೆ. ನಂಗದು ತಮಾಷೆ ಅನ್ಸಿತ್ತು."

ಆ ವಾರವೆಲ್ಲ ನನಗೆ ನಿದ್ದೆ ಇಲ್ಲ. ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ಒಂದು ಮನಸ್ಸು. ಮಗನ ಮದುವೆ, ಹಾಲ್ ಗೊತ್ತಾಗಿದೆ, ಲಗ್ನಪತ್ರಿಕೆ ಅಚ್ಚಾಗಿದೆ. ಎಲ್ಲ ಕೆಟ್ಟರೆ ನಾನೇ ಕಾರಣ. ಕೆಡದಿದ್ದರೆ ಆ ಹುಡುಗಿ ತಿಳಿದೂ ತಿಳಿದೂ ಈ ಮನೆಗೆ ಬರುತ್ತಾಳೆ. ಎರಡರಲ್ಲಿ ಯಾವುದಾಗಲಿ ಎಂದು ದೇವರನ್ನು ಕೇಳುವುದಕ್ಕೂ ನನಗೆ ಮುಖವಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಬಂದಳು. ಮಗನೂ ಬಂದಿದ್ದ. ಅಪ್ಪ ಮಗ ಹಾಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಅವಳ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ, ಅದೇ ಚಿನ್ನದ ಚುಕ್ಕಿಯವು. ನಾನು ಕಾಫಿ ತರಲು ಎದ್ದರೆ ನನ್ನನ್ನು ಕೂರಿಸಿ ತಾನೇ ತಂದು ಕೊಟ್ಟಳು. ಲೋಟ ಇಡುವಾಗ ಬಳೆ ಘಲ್ಲೆಂದವು. ನಮ್ಮ ಹಾಲಿನಲ್ಲಿ ಆ ಸದ್ದು ಯಾರೂ ಕೇಳಿ ಎಷ್ಟು ಕಾಲವಾಗಿತ್ತೋ. ಇವರು ಅವಳ ಕೈ ನೋಡಿ, ಬೈಗುಳವಿಲ್ಲದೆ, ಹಿರಿಯರು ತಿದ್ದುವ ದನಿಯಲ್ಲೇ ಹೇಳಿದರು:

"ಏನಮ್ಮಾ, ನಮ್ಮಲ್ಲಿ ಗಾಜು ಆಗಲ್ಲ ಅಂತ ಆಂಟಿ ಹೇಳ್ಲಿಲ್ವಾ?"

"ಹೇಳಿದ್ರು ಅಂಕಲ್. ಯಾಕೆ ಆಗಲ್ಲ ಅಂತಾನೂ ಹೇಳಿದ್ರು."

ಇವರ ಕಣ್ಣು ನನ್ನ ಕಡೆ ತಿರುಗಿತು. ನನ್ನ ಕೈ ತಾನಾಗಿಯೇ ಸೆರಗಿನೊಳಗೆ ಹೋಯಿತು. ಇಷ್ಟು ವರ್ಷ ಪಾಠ ಹೇಳಿದವಳು, ಇಷ್ಟು ವಯಸ್ಸಾದವಳು, ಕೈ ಬಚ್ಚಿಟ್ಟುಕೊಂಡು ಕೂತೆ. ಅವಳು ಇವರನ್ನು ಬಿಟ್ಟು ನನ್ನ ಮಗನ ಕಡೆ ತಿರುಗಿ, ನಿಂಗೂ ಗೊತ್ತಿತ್ತಲ್ವಾ ಎಂದು ಕೇಳಿದಳು. ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದಳು. ಒಂದು ಒಳ್ಳೆಯ ಮಾತು ಅವನ ಬಾಯಿಂದ ಬರಲಿ ಎಂದು ನಾನು ಎಷ್ಟು ಬೇಡಿಕೊಂಡೆನೋ. ಅಮ್ಮ ಎಂದಿದ್ದರೂ ಸಾಕಿತ್ತು.

"ಅದು ಅವರಿಬ್ಬರ ವಿಷಯ," ಎಂದ. "ಹಳೇದು. ಈಗ್ಯಾಕೆ ಅದೆಲ್ಲ?"

ರಿಮೋಟ್ ಕೈಗೆತ್ತಿಕೊಂಡು ಕ್ರಿಕೆಟ್ಟಿನ ಸದ್ದು ಜೋರು ಮಾಡಿದ. ತಾನು ಏನು ಮಾಡಿದೆ ಎಂದು ಅವನಿಗೆ ಗೊತ್ತೇ ಆಗಲಿಲ್ಲ, ಅದನ್ನು ಇಂದಿಗೂ ಪ್ರಮಾಣ ಮಾಡಿ ಹೇಳುತ್ತೇನೆ. ಹುಡುಗಿ ಸ್ವಲ್ಪ ಹೊತ್ತು ಅವನ ಕೈ ನೋಡುತ್ತಾ ನಿಂತಿದ್ದಳು. ಆಮೇಲೆ ಬ್ಯಾಗ್ ತೆಗೆದುಕೊಂಡು, ಬರ್ತೀನಿ ಆಂಟಿ ಎಂದಳು.

ಮೆಟ್ರೋ ಸ್ಟೇಷನ್ನಿನವರೆಗೂ ನಾನು ಜೊತೆಗೆ ನಡೆದೆ. ದಾರಿಯುದ್ದಕ್ಕೂ ಅವಳು ಅಳುತ್ತಿದ್ದಳು, ಹೂವಿನವರು, ಎಳನೀರಿನವರು ತಿರುಗಿ ನೋಡುತ್ತಿದ್ದರು. ಮೆಟ್ಟಿಲ ಹತ್ತಿರ ನಿಂತು ಹೇಳಿದಳು. ಅವನು ತನ್ನ ಮೇಲೆ ಯಾವತ್ತೂ ಕೈ ಎತ್ತುವುದಿಲ್ಲ ಎಂದು ಅವಳಿಗೂ ಗೊತ್ತಂತೆ. ಆದರೆ ನಾಳೆ ತನಗೆ ಏನಾದರೂ ಆದರೆ, ಯಾರಿಂದಲೇ ಆಗಲಿ, ಅವನು ಹೀಗೇ ಸದ್ದು ಜೋರು ಮಾಡುತ್ತಾನೆ ಎಂದಳು. ಇಲ್ಲ, ಅವನನ್ನು ತಿದ್ದಬಹುದು ಎನ್ನಬೇಕೆಂದುಕೊಂಡೆ. ಹೆತ್ತವಳು ನಾನು ತಿದ್ದದೆ ಬಿಟ್ಟಿದ್ದನ್ನು ಇವಳ ತಲೆಗೆ ಕಟ್ಟುವುದು ಹೇಗೆ ಎಂದು ಸುಮ್ಮನಾದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಗಾಜು ನನ್ನ ಚಿನ್ನಕ್ಕೆ ತಾಗಿತು. ಮಗಳಾಗುತ್ತಿದ್ದವಳನ್ನು ನಾನೇ ಕೈಯಾರೆ ಕಳಿಸಿ ಮನೆಗೆ ಬಂದೆ.

ಮದುವೆ ನಿಂತಿತು. ನೀನೇ ಹಾಳುಮಾಡಿದೆ ಎಂದು ಮಗ ಹೇಳಿ ಹೋದ. ಆಮೇಲೆ ನನ್ನ ಫೋನ್ ಎತ್ತಲಿಲ್ಲ. ಹಾಳುಮಾಡಿದ್ದು ನಾನೇ ಹೌದು. ಎತ್ತುವುದಿಲ್ಲವೆಂದು ಗೊತ್ತಿದ್ದೂ ದಿನವೂ ಅವನಿಗೆ ಫೋನ್ ಮಾಡುತ್ತೇನೆ. ಆ ಹುಡುಗಿ ಪಾರಾದಳಲ್ಲ ಎಂದು ಒಳಗೊಳಗೇ ಸಮಾಧಾನವೂ ಆಗುತ್ತದೆ. ಸ್ವಂತ ಮಗನಿಂದ ಪಾರಾದಳು ಎಂದು ಸಮಾಧಾನಪಡುವ ತಾಯಿಗೆ ಯಾರೆದುರೂ ಮುಖ ತೋರಿಸಲು ಆಗುವುದಿಲ್ಲ.

ಇವರು ಆ ಭಾನುವಾರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಜಾತಕ ಕೂಡಿ ಬರಲಿಲ್ಲ ಅಂದುಬಿಡೋಣ ಎಂದಷ್ಟೇ ಹೇಳಿದರು. ಹಾಲ್ ಬುಕ್ ಮಾಡಿ, ಪತ್ರಿಕೆ ಅಚ್ಚು ಹಾಕಿಸಿದ ಮೇಲೆ ಜಾತಕ ನೋಡುವವರು ಯಾರು ಎಂದು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಪಾರ್ಕಿನ ಸ್ನೇಹಿತರು, ಎದುರು ಮನೆಯವರು, ಪೂಜೆಗೆ ಬರುವ ಪುರೋಹಿತರು ಎಲ್ಲರೂ ಅಯ್ಯೋ ಎಂದು ತಲೆದೂಗಿದರು. ಕುಜದೋಷವಂತೆ ಎಂದು ಯಾರೋ ಅದಕ್ಕೊಂದು ಹೆಸರನ್ನೂ ಕೊಟ್ಟರು. ನನ್ನ ಹಸಿರು ಬಳೆಯ ಪುರಾವೆಯಂತೆ ಇದೂ ಬಾಯಿಂದ ಬಾಯಿಗೆ ಬೆಳೆಯುತ್ತಿತ್ತು.

ಆಮೇಲೆ ನಾದಿನಿಯ ಫೋನ್ ಬಂತು. ಇವರ ಒಬ್ಬಳೇ ತಂಗಿ, ಸುಬ್ರಹ್ಮಣ್ಯಪುರದಲ್ಲಿರುತ್ತಾಳೆ. ಈ ಮನೆಯಲ್ಲಿ ಹುಟ್ಟಿ ಬೆಳೆದ ಅವಳು, ಮದುವೆಯಾಗಿ ಹೋದ ಮೊದಲ ಹಬ್ಬಕ್ಕೇ ಮೊಣಕೈವರೆಗೂ ಗಾಜಿನ ಬಳೆ ತೊಟ್ಟು ಬಂದಿದ್ದಳು. ಇಂದಿಗೂ ಅವಳ ಕೈ ಖಾಲಿ ಕಂಡವರಿಲ್ಲ. ಹೆಣ್ಣುಮಕ್ಕಳಿಗೆ ಹರಕೆ ತಗಲುವುದಿಲ್ಲ, ಸೊಸೆಯರಿಗೆ ಮಾತ್ರ ಎಂದು ಅತ್ತೆ ಆಗ ಕಥೆಗೆ ಒಂದು ತೇಪೆ ಹಾಕಿದ್ದರು.

ನಾನು ಊಟದ ಮೇಜಿನ ಮೇಲೆ ಅವರೆಕಾಯಿ ಸುಲಿಯುತ್ತಿದ್ದೆ. ಎದುರಿಗೆ ಇವರು ಪೇಪರ್ ಹಿಡಿದು ಕೂತಿದ್ದರು. ಫೋನ್ ಸ್ಪೀಕರಿನಲ್ಲಿತ್ತು. ತಂಗಿ ಕೇಳಿದ್ದಕ್ಕೆ ಇವರು ಜಾತಕ ಎಂದರು, ಕುಜ ಎಂದರು, ಯೋಗವಿರಲಿಲ್ಲ ಎಂದರು. ಎಷ್ಟು ಸಲೀಸಾಗಿ ಹೇಳುತ್ತಿದ್ದರೆಂದರೆ ಇನ್ನೊಂದು ವರ್ಷಕ್ಕೆ ನಾನೂ ಇದನ್ನೇ ಹೇಳುತ್ತಿರುತ್ತೇನೆ ಎಂದು ನನಗೆ ಖಾತ್ರಿಯಾಯಿತು. ಅವರೆಕಾಯಿ ತಟ್ಟೆ ಪಕ್ಕಕ್ಕೆ ತಳ್ಳಿ ಫೋನ್ ನನ್ನ ಕಡೆ ಎಳೆದುಕೊಂಡೆ.

"ಜಾತಕ ಚೆನ್ನಾಗೇ ಇತ್ತು," ಎಂದೆ. "ನಿಮ್ಮಣ್ಣ ನಂಗೆ ಹೊಡೀತಿದ್ರು. ಅದನ್ನ ಆ ಹುಡುಗಿಗೆ ಹೇಳ್ದೆ. ಅದಕ್ಕೆ ನಿಂತೋಯ್ತು."

ಗಟ್ಟಿಯಾಗಿ ಹೇಳಬೇಕೆಂದಿದ್ದೆ, ಆಗಲಿಲ್ಲ. ದನಿ ಕಳ್ಳತನ ಒಪ್ಪಿಕೊಂಡವಳ ಹಾಗೆ ಹೊಟ್ಟೆಯೊಳಗೇ ಉಳಿಯಿತು. ಕಿವಿ ಕೆಂಪಾಗಿ ಸುಡುತ್ತಿದ್ದದ್ದು ನನ್ನದೇ. ಇವರು ಪೇಪರಿನ ಹಾಳೆ ತಿರುವಿದರು.

ಆ ಕಡೆಯಿಂದ ಅವಳ ಬಳೆಗಳ ಸದ್ದು ಕೇಳಿಸಿತು, ಫೋನ್ ಈ ಕೈಯಿಂದ ಆ ಕೈಗೆ ತೆಗೆದುಕೊಂಡಿರಬೇಕು. ಏನು ಹೇಳ್ತಿದ್ದೀರಿ ಅತ್ತಿಗೆ ಎಂದು ಕೇಳುತ್ತಾಳೆ, ನಮ್ಮಣ್ಣ ಅಂಥವನಲ್ಲ ಎನ್ನುತ್ತಾಳೆ ಎಂದು ಕಾದೆ.

"ಅಮ್ಮನಿಗೆ ಅಪ್ಪ ಹೊಡೆಯೋವಾಗ ನಾನು ಬಾಗಿಲು ಹಾಕ್ಕೊಂಡು ಪಾಠ ಓದ್ತಿದ್ದೆ ಅತ್ತಿಗೆ," ಎಂದಳು. "ಜೋರಾಗಿ ಓದ್ತಿದ್ದೆ."